ವಾದ್ಯ ಹುಡುಗಿಯ ಕೈಯಲ್ಲೇ ಇರಲಿ: ರಾಕ್ ಸಂಗೀತ ಶಿಬಿರದ ಸ್ವಯಂಸೇವೆ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ 2001ರ ಬೇಸಿಗೆಯಲ್ಲಿ ‘ರಾಕ್ ಎನ್ ರೋಲ್ ಕ್ಯಾಂಪ್ ಫಾರ್ ಗರ್ಲ್ಸ್’ ಎಂಬ ಶಿಬಿರ ನಡೆಯಿತು. ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದ ಮಿಸ್ಟಿ ಮೆಕೆಲ್ರಾಯ್ ತನ್ನ ವ್ಯಾಸಂಗದ ಭಾಗವಾಗಿ ರೂಪಿಸಿದ ಈ ಶಿಬಿರದ ಕಲ್ಪನೆ ಸರಳವಾಗಿತ್ತು: ವಾದ್ಯವನ್ನು ಮುಟ್ಟಿಯೂ ನೋಡಿರದ ಹುಡುಗಿಯರ ಕೈಗೆ ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್‌ಗಳನ್ನು ಕೊಡುವುದು, ಅವರೇ ಸೇರಿ ತಂಡ ಕಟ್ಟಿಕೊಂಡು ಸ್ವಂತ ಹಾಡೊಂದನ್ನು ರಚಿಸುವಂತೆ ನೋಡಿಕೊಳ್ಳುವುದು ಮತ್ತು ವಾರದ ಕೊನೆಗೆ ಆ ಹಾಡನ್ನು ನಿಜವಾದ ವೇದಿಕೆಯ ಮೇಲೆ ನುಡಿಸಲು ಬಿಡುವುದು. ಈ ಮಾದರಿ ಬೇಗನೆ ಬೇರೆ ಊರುಗಳಿಗೆ ಹಬ್ಬಿತು. ಟೆನೆಸಿ ರಾಜ್ಯದ ಮರ್ಫ್ರೀಸ್‌ಬರೊದಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಇಂಥ ಶಿಬಿರಗಳು ಒಂದರ ಹಿಂದೊಂದು ಹುಟ್ಟಿದವು. 2007ರಲ್ಲಿ ಇಂಥ ಶಿಬಿರಗಳು ಒಂದು ಒಕ್ಕೂಟವಾಗಿ ಸಂಘಟಿತವಾದವು, ಪೋರ್ಟ್‌ಲ್ಯಾಂಡ್ ಶಿಬಿರವನ್ನು ಕುರಿತ ‘ಗರ್ಲ್ಸ್ ರಾಕ್!’ ಎಂಬ ಸಾಕ್ಷ್ಯಚಿತ್ರವೂ ಅದೇ ವರ್ಷ ತಯಾರಾಯಿತು. 2012ರಲ್ಲಿ ಐಸ್‌ಲ್ಯಾಂಡಿನಂಥ ಪುಟ್ಟ ದೇಶದಲ್ಲೂ ‘ಸ್ಟೆಲ್ಪುರ್ ರೊಕ್ಕಾ’ ಎಂಬ ಶಿಬಿರ ಆರಂಭವಾಯಿತು. ಇಷ್ಟೂ ಶಿಬಿರಗಳಿಗೆ ಸಾಮಾನ್ಯವಾದ ಒಂದು ಅಂಶವೆಂದರೆ, ಇವುಗಳನ್ನು ನಡೆಸುವವರಲ್ಲಿ ಬಹುಪಾಲು ಜನ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕಿಯರು. ಅವರ ಕೆಲಸದ ಸ್ವರೂಪವೇನು, ಅದರಲ್ಲಿ ಅವರಿಗೆ ಸಿಗುವ ಸಂತೋಷ ಎಂಥದು, ಅಮೆರಿಕ ಅಥವಾ ಯೂರೋಪಿನಲ್ಲಿ ನೆಲೆಸಿರುವ ಕನ್ನಡತಿಯೊಬ್ಬಳು ಈ ಕೆಲಸಕ್ಕೆ ಕೈಹಾಕಬಯಸಿದರೆ ಮೊದಲೇ ತಿಳಿದಿರಬೇಕಾದ ಸಂಗತಿಗಳು ಯಾವುವು ಎಂಬುದು ಇಲ್ಲಿಯ ವಿಷಯ.

ಹುಡುಗಿಯರಿಗೇ ಪ್ರತ್ಯೇಕ ಶಿಬಿರ ಏಕೆ ಎಂಬ ಪ್ರಶ್ನೆಗೆ ಉತ್ತರವು 1990ರ ದಶಕದ ಆರಂಭದಲ್ಲಿ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾ ನಗರದ ಸುತ್ತ ಬೆಳೆದ ‘ರಯಟ್ ಗರ್ಲ್’ ಚಳವಳಿಯಲ್ಲಿದೆ. ಪಂಕ್ ಎಂಬ ಒರಟು, ವೇಗದ ರಾಕ್ ಪ್ರಕಾರವನ್ನು ಸ್ತ್ರೀವಾದಿ ರಾಜಕಾರಣದೊಂದಿಗೆ ಬೆಸೆದ ಈ ಚಳವಳಿಯ ಪ್ರಮುಖ ತಂಡವಾದ ಬಿಕಿನಿ ಕಿಲ್‌ನ ಗಾಯಕಿ ಕ್ಯಾಥ್ಲೀನ್ ಹ್ಯಾನಾ, ತನ್ನ ಕಛೇರಿಗಳಲ್ಲಿ ಗಂಡಸರ ನೂಕುನುಗ್ಗಲಿನಿಂದ ಹಿಂದಕ್ಕೆ ಸರಿಯುತ್ತಿದ್ದ ಹುಡುಗಿಯರನ್ನು ವೇದಿಕೆಯ ಮುಂದಕ್ಕೆ ಕರೆಯುತ್ತಿದ್ದಳು. ಕೇಳುವವರ ಸಾಲಿನಲ್ಲಿಯೇ ಜಾಗ ಸಿಗದವರಿಗೆ ನುಡಿಸುವವರ ಸಾಲಿನಲ್ಲಿ ಜಾಗ ಸಿಗುವುದು ಇನ್ನೂ ದೂರದ ಮಾತಾಗಿತ್ತು. ಹಾಗೆಂದು ರಾಕ್ ಸಂಗೀತದ ಬುನಾದಿಯಲ್ಲಿ ಹೆಂಗಸರು ಇರಲಿಲ್ಲವೆಂದಲ್ಲ. 1915ರಲ್ಲಿ ಹುಟ್ಟಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಎಲೆಕ್ಟ್ರಿಕ್ ಗಿಟಾರಿನ ನುಡಿಸಾಣಿಕೆಯಲ್ಲಿ ಮುಂದಿನ ತಲೆಮಾರಿಗೆ ದಾರಿ ತೋರಿದವಳು. ಆದರೆ ರಾಕ್ ಎನ್ ರೋಲ್ ಹಾಲ್ ಆಫ್ ಫೇಮ್ ಅವಳನ್ನು ಸೇರಿಸಿಕೊಂಡದ್ದು 2018ರಲ್ಲಿ, ಅವಳು ತೀರಿಕೊಂಡು ನಾಲ್ಕು ದಶಕಗಳು ಕಳೆದ ಮೇಲೆ. ಬ್ರೂಕ್ಲಿನ್ ಶಿಬಿರವು ಯಾರ ಹೆಸರನ್ನು ಇಟ್ಟುಕೊಂಡಿತೋ ಆ ವಿಲ್ಲೀ ಮೇ ‘ಬಿಗ್ ಮಾಮಾ’ ಥಾರ್ನ್‌ಟನ್ ‘ಹೌಂಡ್ ಡಾಗ್’ ಹಾಡನ್ನು ಮೊದಲು ಧ್ವನಿಮುದ್ರಿಸಿದ್ದು 1952ರಲ್ಲಿ. ಇಂದು ಬಹುಪಾಲು ಕೇಳುಗರು ಅದನ್ನು 1956ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದ ಹಾಡೆಂದೇ ಬಲ್ಲರು. ವಾದ್ಯಕ್ಕೂ ಹೆಣ್ಣಿನ ಕೈಗೂ ನಡುವೆ ಗೆರೆ ಎಳೆಯುವ ಅಭ್ಯಾಸ ಅಮೆರಿಕದ ಸೊತ್ತೇನೂ ಅಲ್ಲ ಎಂಬುದಕ್ಕೆ, ಹೆಣ್ಣಿನ ಕೈಗೆ ಒಗ್ಗದೆಂಬ ಅನುಮಾನವನ್ನು ದಾಟಿ ಘಟವಾದನದಲ್ಲಿ ಹೆಸರು ಮಾಡಿ, ಬೆಂಗಳೂರಿನಲ್ಲಿ ನೆಲೆಸಿ ಮಹಿಳೆಯರದೇ ವಾದ್ಯವೃಂದವನ್ನು ಕಟ್ಟಿದ ಸುಕನ್ಯಾ ರಾಮಗೋಪಾಲ್ ಅವರ ಜೀವನವೇ ಸಾಕ್ಷಿ.

ಹುಡುಗರೂ ಹುಡುಗಿಯರೂ ಬೆರೆತಿರುವ ಕೋಣೆಯಲ್ಲಿ ಒಂದೇ ಒಂದು ಡ್ರಮ್ ಸೆಟ್ ಇದ್ದರೆ ಅದರ ಪೀಠ ಮೊದಲು ಯಾರಿಗೆ ಸಿಗುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಶಿಬಿರದಲ್ಲಿ ಗಿಟಾರ್ ಕಲಿಸುವವಳು, ಸದ್ದಿನ ಹದ ನೋಡುವವಳು, ಭಾರದ ಪೆಟ್ಟಿಗೆ ಹೊರುವವಳು, ಕೆಟ್ಟ ತಂತಿಗೆ ಬೆಸುಗೆ ಹಾಕುವವಳು ಎಲ್ಲರೂ ಹೆಂಗಸರೇ ಆಗಿರುವುದರಿಂದ, ಈ ಕೆಲಸಗಳು ಯಾರವು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಈಚಿನ ವರ್ಷಗಳಲ್ಲಿ ಹಲವು ಶಿಬಿರಗಳು ಲಿಂಗಾಂತರಿ ಮಕ್ಕಳನ್ನೂ, ಹೆಣ್ಣು ಗಂಡು ಎಂಬ ಎರಡೇ ವರ್ಗಗಳಲ್ಲಿ ತಮ್ಮನ್ನು ಕಾಣದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಿದ್ದು, ಕೆಲವು ತಮ್ಮ ಹೆಸರನ್ನೂ ಅದಕ್ಕೆ ತಕ್ಕಂತೆ ಬದಲಿಸಿಕೊಂಡಿವೆ.

ಸ್ವಯಂಸೇವೆಗೆ ಸಂಗೀತ ಬಂದಿರಲೇಬೇಕು ಎಂಬ ಸಾಮಾನ್ಯ ತಿಳಿವಳಿಕೆ ತಪ್ಪು. ವಾದ್ಯಶಿಕ್ಷಕಿ ಎಂಬ ಹುದ್ದೆಗೆ ಮಾತ್ರ ಗಿಟಾರ್, ಬೇಸ್, ಡ್ರಮ್ಸ್, ಕೀಬೋರ್ಡ್ ಅಥವಾ ಗಾಯನದಲ್ಲಿ ಒಂದು ಮಟ್ಟದ ಪರಿಣತಿ ಬೇಕು. ಅದೂ ಆರಂಭಿಕರಿಗೆ ಹೇಳಿಕೊಡುವಷ್ಟು ಇದ್ದರೆ ಸಾಕು. ತಂಡದ ತರಬೇತುದಾರಳೆಂದರೆ ನಾಲ್ಕೈದು ಹುಡುಗಿಯರ ಒಂದು ಬ್ಯಾಂಡಿನೊಂದಿಗೆ ವಾರವಿಡೀ ಇದ್ದು, ಹಾಡು ಹುಟ್ಟುವ ಪ್ರಕ್ರಿಯೆಗೆ ಜೊತೆಯಾಗುವವಳು. ತಂಡದ ವ್ಯವಸ್ಥಾಪಕಿಯು ಅದೇ ಬ್ಯಾಂಡಿನ ಹುಡುಗಿಯರನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತಿಗೆ ಸರಿಯಾಗಿ ಕರೆದೊಯ್ಯುತ್ತಾಳೆ, ನೀರು ಕುಡಿಸುತ್ತಾಳೆ, ಮುನಿಸಿಕೊಂಡವಳ ಪಕ್ಕದಲ್ಲಿ ಕೂರುತ್ತಾಳೆ. ರೋಡಿ ಎಂದು ಕರೆಯಲಾಗುವ ಸಲಕರಣೆ ನಿರ್ವಾಹಕಿಯ ಹೊಣೆ ಆಂಪ್ಲಿಫೈಯರ್‌ಗಳು, ಅಂದರೆ ವಾದ್ಯದ ಕ್ಷೀಣ ವಿದ್ಯುತ್ ಸಂಕೇತವನ್ನು ಕಿವಿಗೆ ಕೇಳುವಷ್ಟು ಹಿಗ್ಗಿಸುವ ಪೆಟ್ಟಿಗೆಗಳು, ಹಾಗೂ ಅವುಗಳ ಕೇಬಲ್ಲುಗಳನ್ನು ಸುಸ್ಥಿತಿಯಲ್ಲಿಡುವುದು. ಇವರಲ್ಲದೆ ಊಟ ಬಡಿಸುವವರು, ನೋಂದಣಿ ನೋಡಿಕೊಳ್ಳುವವರು, ಛಾಯಾಚಿತ್ರ ತೆಗೆಯುವವರು ಬೇಕು; ಮಹಿಳಾ ಸಂಗೀತಗಾರರ ಇತಿಹಾಸ, ಜಾಹೀರಾತುಗಳು ಹೆಣ್ಣಿನ ದೇಹವನ್ನು ತೋರಿಸುವ ಬಗೆ, ಆತ್ಮರಕ್ಷಣೆ, ಅಂಗಿಯ ಮೇಲೆ ತಂಡದ ಹೆಸರನ್ನು ಅಚ್ಚು ಹಾಕುವ ಕಲೆ ಮೊದಲಾದ ವಿಷಯಗಳ ಮೇಲೆ ಕಿರು ಕಾರ್ಯಾಗಾರ ನಡೆಸುವವರೂ ಬೇಕು. ಮೊದಲ ಸಲ ಹೋಗುವವರಿಗೆ ವ್ಯವಸ್ಥಾಪಕಿಯ ಕೆಲಸವೇ ಎಲ್ಲಕ್ಕಿಂತ ಉತ್ತಮ. ಹಾಡೊಂದು ಸೊನ್ನೆಯಿಂದ ರೂಪುಗೊಳ್ಳುವುದನ್ನು ಮೊದಲ ಗಳಿಗೆಯಿಂದ ಕೊನೆಯವರೆಗೆ ನೋಡುವ ಅವಕಾಶ ತರಬೇತುದಾರಳನ್ನು ಬಿಟ್ಟರೆ ಅವಳಿಗೆ ಮಾತ್ರ ಇರುತ್ತದೆ.

ದಿನಚರಿಯು ಊರಿಂದೂರಿಗೆ ತುಸು ಬದಲಾದರೂ ಮೂಲ ವಿನ್ಯಾಸ ಒಂದೇ. ಬೆಳಿಗ್ಗೆ ಎಲ್ಲರೂ ಒಂದೆಡೆ ಕಲೆತು ಹಾಡಿ ಕುಣಿದ ಬಳಿಕ ವಾದ್ಯಪಾಠ, ನಡುವೆ ಕಾರ್ಯಾಗಾರ, ಊಟದ ಹೊತ್ತಿಗೆ ಅತಿಥಿ ತಂಡವೊಂದರ ಕಛೇರಿ, ಮಧ್ಯಾಹ್ನ ಬ್ಯಾಂಡ್ ಅಭ್ಯಾಸ. ಮೊದಲ ದಿನವೇ ಬ್ಯಾಂಡುಗಳು ರೂಪುಗೊಳ್ಳುವುದು ವಾಡಿಕೆ. ಶನಿವಾರ ಬಂಧುಮಿತ್ರರೂ ಊರವರೂ ಸೇರಿದ ಸಭೆಯ ಮುಂದೆ ಪ್ರದರ್ಶನ.

ಒಂದು ವಾರದಲ್ಲಿ ಇದು ಸಾಧ್ಯವಾಗುವುದು ರಾಕ್ ಸಂಗೀತದ ವ್ಯಾಕರಣದಿಂದಾಗಿ. ಪವರ್ ಕಾರ್ಡ್ ಎಂಬುದು ಮೂಲಸ್ವರ ಮತ್ತು ಅದರ ಪಂಚಮ ಎಂಬ ಎರಡೇ ಸ್ವರಗಳನ್ನು ಒಟ್ಟಿಗೆ ನುಡಿಸುವ ವಿಧಾನ. ಗಿಟಾರಿನ ದಪ್ಪ ತಂತಿಗಳ ಮೇಲೆ ಎರಡು ಬೆರಳುಗಳಿಂದ ಈ ಆಕಾರವನ್ನು ಒಮ್ಮೆ ಹಿಡಿಯಲು ಬಂದರೆ, ಬೆರಳುಗಳ ಆಕಾರವನ್ನು ಬದಲಿಸದೆ ಕೈಯನ್ನು ಮೆಟ್ಟುಗಳ ಮೇಲೆ ಹಿಂದೆ ಮುಂದೆ ಜಾರಿಸಿದರೆ ಸಾಕು, ಬೇರೆ ಬೇರೆ ಶ್ರುತಿಯ ನಾದಗಳು ಹೊರಡುತ್ತವೆ. ಮೂರು ಸ್ಥಾನಗಳು ತಿಳಿದರೆ ಹಾಡಿಗೆ ಬೇಕಾದ ಹಿಮ್ಮೇಳ ಸಿದ್ಧ. ಡ್ರಮ್ಸ್‌ನಲ್ಲಿ ಹೈ-ಹ್ಯಾಟ್ ಎಂಬ ಜೋಡಿ ತಾಳದ ಮೇಲೆ ಬಲಗೈ ಎಂಟು ಸಮ ಎಣಿಕೆಗಳನ್ನು ಹೊಡೆಯುತ್ತಿರುವಾಗ, ಮೊದಲನೆಯ ಮತ್ತು ಐದನೆಯ ಎಣಿಕೆಗೆ ಪಾದದಿಂದ ದೊಡ್ಡ ಡ್ರಮ್, ಮೂರನೆಯ ಮತ್ತು ಏಳನೆಯ ಎಣಿಕೆಗೆ ಎಡಗೈಯಿಂದ ಸ್ನೇರ್ ಎಂಬ ಚರಚರ ಸದ್ದಿನ ಡ್ರಮ್ ಹೊಡೆದರೆ ರಾಕ್ ಹಾಡುಗಳ ಅತಿ ಸಾಮಾನ್ಯ ನಡೆ ಸಿದ್ಧವಾಗುತ್ತದೆ. ಮೂರು ಅಂಗಗಳನ್ನು ಬೇರೆ ಬೇರೆಯಾಗಿ ಆಡಿಸುವುದು ಮೊದಲ ದಿನ ಅಸಾಧ್ಯವೆನಿಸಿ, ಒಂದೆರಡು ದಿನಗಳಲ್ಲಿ ದೇಹಕ್ಕೆ ತಾನಾಗಿ ಇಳಿಯುತ್ತದೆ.

ಕರ್ನಾಟಕ ಸಂಗೀತವನ್ನು ಅಷ್ಟಿಷ್ಟು ಕಲಿತ ಕನ್ನಡತಿಯರಿಗೆ ಇಲ್ಲಿ ಅನಿರೀಕ್ಷಿತವಾದ ಅನುಕೂಲವೊಂದಿದೆ. ಕೊನ್ನಕ್ಕೋಲು, ಅಂದರೆ ಲಯವನ್ನು ವಾದ್ಯದಲ್ಲಿ ನುಡಿಸುವ ಮೊದಲು ಬಾಯಲ್ಲಿ ಸೊಲ್ಲುಗಳಾಗಿ ಹೇಳುವ ಪದ್ಧತಿಯು, ಕೋಲು ಹಿಡಿದು ಕಂಗಾಲಾಗಿರುವ ಹುಡುಗಿಗೆ ತುಂಬ ಸಹಾಯಕ. ‘ತಕಧಿಮಿ ತಕಜಣು’ ಎಂದು ಎಂಟು ಅಕ್ಷರಗಳನ್ನು ನಾಲ್ಕು ಸಲ ಬಾಯಲ್ಲಿ ಹೇಳಿಸಿ, ಎರಡು ‘ತ’ಗಳ ಮೇಲೆ ಪಾದವನ್ನೂ ‘ಧಿ’ ಮತ್ತು ‘ಜ’ಗಳ ಮೇಲೆ ಎಡಗೈಯನ್ನೂ ಬೀಳಿಸಲು ಹೇಳಿದರೆ, ಮೇಲೆ ವಿವರಿಸಿದ ನಡೆ ಎಣಿಕೆಯ ಗೊಂದಲವಿಲ್ಲದೆ ಬರುತ್ತದೆ. ಆದರೆ ಅದೇ ಶಿಕ್ಷಣದ ಇನ್ನೊಂದು ಸಂಸ್ಕಾರವನ್ನು ಶಿಬಿರದ ಬಾಗಿಲಲ್ಲೇ ಬಿಡಬೇಕಾಗುತ್ತದೆ. ಸರಳೆ, ಜಂಟಿ, ಅಲಂಕಾರಗಳನ್ನು ವರ್ಷಗಟ್ಟಲೆ ಸಾಧಿಸಿದ ಮೇಲಷ್ಟೇ ಕೃತಿಯನ್ನು ಮುಟ್ಟಬೇಕೆಂಬ ಕ್ರಮಕ್ಕೆ ಅದರದೇ ಘನತೆಯಿದೆ, ಆದರೆ ಶಿಬಿರದ ಕ್ರಮವು ನೇರ ವಿರುದ್ಧವಾದುದು: ಇಲ್ಲಿ ಹಾಡು ಮೊದಲು, ಸಾಧನೆ ಆಮೇಲೆ. ಶ್ರುತಿ ತಪ್ಪಿದ ಪ್ರತಿ ಸ್ವರಕ್ಕೂ ಮುಖ ಗಂಟಿಕ್ಕುವ ಶಿಕ್ಷಕಿಯಿಂದ ಶಿಬಿರಕ್ಕೆ ಪ್ರಯೋಜನವಿಲ್ಲ.

ಇಲ್ಲಿಗೆ ಈ ಕೆಲಸದ ಮರ್ಮ ಬರುತ್ತದೆ. ಸ್ವಯಂಸೇವಕಿಗೆ ಶಿಬಿರ ಕಲಿಸುವ ಅತಿ ಕಠಿಣ ಪಾಠವೆಂದರೆ ಕೈ ಚಾಚದಿರುವುದು. ಎಂಟು ವರ್ಷದ ಹುಡುಗಿ ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಮೂರನೆಯ ಮೆಟ್ಟಿನ ಬದಲು ಪದೇ ಪದೇ ಎರಡನೆಯದನ್ನು ಒತ್ತುತ್ತಿರುವಾಗ, ಅವಳ ಬೆರಳನ್ನು ಹಿಡಿದು ಸರಿಯಾದ ಜಾಗಕ್ಕೆ ಇಡುವುದು ಅರೆ ಕ್ಷಣದ ಕೆಲಸ. ಹಾಗೆ ಮಾಡದೆ, ಪಕ್ಕದಲ್ಲಿ ಇನ್ನೊಂದು ವಾದ್ಯ ಹಿಡಿದು ತಾನು ನುಡಿಸಿ ತೋರಿಸಿ, ಅವಳ ಕಣ್ಣು ತನ್ನ ಬೆರಳಿನಿಂದ ಅವಳ ಬೆರಳಿಗೆ ಹೋಗಿ, ಅಲ್ಲೊಂದು ಮೆಟ್ಟು ವ್ಯತ್ಯಾಸವಿದೆಯೆಂದು ಅವಳೇ ಕಂಡುಕೊಂಡು ಬೆರಳನ್ನು ಸರಿಸುವವರೆಗೆ ಕಾಯುವುದಕ್ಕೆ ಐದು ನಿಮಿಷ ಹಿಡಿಯಬಹುದು. ಆ ಐದು ನಿಮಿಷ ಸ್ವಯಂಸೇವಕಿಗೆ ದೀರ್ಘವೆನಿಸಿದರೂ, ಅದು ಮುಗಿದಾಗ ಹುಡುಗಿಯ ಮುಖದಲ್ಲಿ ಕಾಣುವುದು ಹೊಗಳಿಕೆ ಪಡೆದವಳ ನಗುವಲ್ಲ, ಯಾರನ್ನೂ ನೋಡದೆ ಅದೇ ಸ್ವರವನ್ನು ಮತ್ತೆ ಮತ್ತೆ ಮೀಟುವವಳ ತಲ್ಲೀನತೆ. ಅದನ್ನು ಹತ್ತಿರದಿಂದ ನೋಡುವುದೇ ಈ ಸೇವೆಯ ಮುಖ್ಯ ಸಂತೋಷ. ದಾನ ಮಾಡಿದವರ ತೃಪ್ತಿಗಿಂತ ಇದು ಬೇರೆಯದು, ಏಕೆಂದರೆ ಇಲ್ಲಿ ಕೊಟ್ಟದ್ದಕ್ಕಿಂತ ಕೊಡದೆ ತಡೆದುಕೊಂಡದ್ದರ ಪಾಲು ದೊಡ್ಡದು.

ಕೈ ಚಾಚದಿರುವುದೆಂದರೆ ಸುಮ್ಮನಿರುವುದೆಂದಲ್ಲ. ಹುಡುಗಿಯ ತಪ್ಪೆಂದು ಕಾಣುವ ಎಷ್ಟೋ ತೊಂದರೆಗಳು ವಾಸ್ತವವಾಗಿ ವಾದ್ಯದ ತೊಂದರೆಗಳು. ಸಾಮಾನ್ಯ ಬೇಸ್ ಗಿಟಾರಿನ ತಂತಿಯ ನಾದದ ಉದ್ದ 34 ಇಂಚು. ಚಿಕ್ಕ ತೋಳಿಗೆ ಅದರ ದೂರದ ತುದಿಯ ಮೊದಲ ಮೆಟ್ಟುಗಳು ಸುಲಭವಾಗಿ ನಿಲುಕುವುದಿಲ್ಲ. 30 ಇಂಚಿನ ಕಿರು ಬೇಸ್ ಕೊಟ್ಟರೆ ‘ಬರದ’ ಹುಡುಗಿಗೆ ತಟ್ಟನೆ ಬರತೊಡಗುತ್ತದೆ. ಗಿಟಾರಿನಲ್ಲಿ ತೆಳುವಾದ ತಂತಿಗಳನ್ನು ಹಾಕಿ, ತಂತಿಗಳು ಮೆಟ್ಟಿನಿಂದ ಇರುವ ಎತ್ತರವನ್ನು ತಗ್ಗಿಸಿದರೆ ಬೆರಳ ತುದಿಯ ನೋವು ಕಡಿಮೆಯಾಗುತ್ತದೆ. ಡ್ರಮ್ಸ್ ಪೀಠವನ್ನು ಹುಡುಗಿಯ ಎತ್ತರಕ್ಕೆ ಇಳಿಸಿ, ಪೆಡಲನ್ನು ಪಾದದ ಕಡೆಗೆ ಎಳೆದುಕೊಳ್ಳುವುದನ್ನು ಅವಳಿಗೇ ಕಲಿಸಿಕೊಟ್ಟರೆ, ಮರುದಿನ ಬಂದವಳು ಮೊದಲು ಆ ತಿರುಪನ್ನೇ ಹುಡುಕುತ್ತಾಳೆ.

ಹಾಡು ಕಟ್ಟುವ ಘಟ್ಟದಲ್ಲಿ ಈ ಸಂಯಮದ ಪರೀಕ್ಷೆ ಇನ್ನೂ ತೀವ್ರವಾಗಿರುತ್ತದೆ. ರಾಕ್ ಹಾಡಿನಲ್ಲಿ ಮರಳಿ ಮರಳಿ ಬರುವ ಕೋರಸ್ ಎಂಬ ಭಾಗವು ನಮ್ಮ ಪಲ್ಲವಿಯಂತೆಯೂ, ಕಥೆಯನ್ನು ಮುಂದಕ್ಕೆ ಒಯ್ಯುವ ವರ್ಸ್ ಎಂಬ ಭಾಗವು ಚರಣದಂತೆಯೂ ಕೆಲಸ ಮಾಡುತ್ತದೆ. ನಡುವೆ ಒಮ್ಮೆ ಮಾತ್ರ ಬಂದು ಸ್ವರದ ದಿಕ್ಕನ್ನು ಬದಲಿಸುವ ಭಾಗಕ್ಕೆ ಬ್ರಿಡ್ಜ್ ಎನ್ನುತ್ತಾರೆ. ಇಷ್ಟನ್ನು ವಿವರಿಸಿದ ಮೇಲೆ ತರಬೇತುದಾರಳು ಪ್ರಶ್ನೆ ಕೇಳಬೇಕೇ ಹೊರತು ಉತ್ತರ ಕೊಡಬಾರದು. ಹುಡುಗಿಯರು ಬೆಕ್ಕಿನ ಮೇಲೆ, ಮನೆಗೆಲಸದ ಮೇಲೆ, ತಮ್ಮನ ಮೇಲೆ, ಭೂಮಿಯ ಬಿಸಿಯ ಮೇಲೆ, ಕೆಲವೊಮ್ಮೆ ಒಂದೇ ಹಾಡಿನಲ್ಲಿ ಇವೆಲ್ಲದರ ಮೇಲೆ ಬರೆಯಬಯಸುತ್ತಾರೆ. ಸಾಲುಗಳಲ್ಲಿ ಪ್ರಾಸ ಕೂಡದಿದ್ದಾಗ ಹೊಳೆಯುವ ಸೊಗಸಾದ ಪದವನ್ನು ನುಂಗಿಕೊಳ್ಳುವುದು ಕವಿಮನಸ್ಸಿನ ಸ್ವಯಂಸೇವಕಿಗೆ ಯಾತನೆಯೇ ಸರಿ. ಶನಿವಾರ ಹಾಡು ಚೆನ್ನಾಗಿ ಕೇಳಲಿ ಎಂಬ ಆಸೆಯಿಂದ ತರಬೇತುದಾರಳೇ ಅರ್ಧ ಹಾಡು ಬರೆದುಕೊಟ್ಟರೆ ಆ ಅರ್ಧ ಅವಳದೇ ಆಗಿ ಉಳಿಯುತ್ತದೆ, ಮತ್ತು ಅದು ಯಾರದೆಂದು ಹುಡುಗಿಯರಿಗೆ ತಿಳಿಯದೆ ಇರುವುದಿಲ್ಲ.

ಜಗಳಗಳು ಬಂದೇ ಬರುತ್ತವೆ. ಸಾಮಾನ್ಯವಾಗಿ ತಂಡದ ಹೆಸರಿನ ವಿಷಯಕ್ಕೆ. ಮತಕ್ಕೆ ಹಾಕುವುದು ಸುಲಭದ ದಾರಿಯಾದರೂ, ನಾಲ್ವರ ತಂಡದಲ್ಲಿ ಮೂವರು ಗೆದ್ದರೆ ಸೋತ ಒಬ್ಬಳು ವಾರವಿಡೀ ಮೂಲೆಯಲ್ಲಿ ಕೂರುವ ಅಪಾಯವಿದೆ. ಒಬ್ಬೊಬ್ಬಳೂ ಇಷ್ಟವಾದ ಪದಗಳನ್ನು ಹಲಗೆಯ ಮೇಲೆ ಬರೆದು, ಯಾರದನ್ನೂ ಅಳಿಸದೆ ಜೋಡಿಸುತ್ತ ಹೋಗುವುದು ಹೆಚ್ಚು ಫಲಕಾರಿ. ಹಾಗೆ ಹುಟ್ಟಿದ ವಿಚಿತ್ರ ಹೆಸರುಗಳೇ ಪ್ರದರ್ಶನದ ದಿನ ಹೆಚ್ಚು ಚಪ್ಪಾಳೆ ಗಿಟ್ಟಿಸುತ್ತವೆ. ಇನ್ನೊಂದು ರೂಢಿ ಹೆಸರಿಸತಕ್ಕದ್ದು. ತಪ್ಪು ನುಡಿಸಿದ ಹುಡುಗಿ ‘ಸಾರಿ’ ಎಂದಾಗಲೆಲ್ಲ ಅದರ ಬದಲು ‘ಐ ರಾಕ್’ ಎಂದು ಹೇಳಿಸುವ ಪದ್ಧತಿ ಪೋರ್ಟ್‌ಲ್ಯಾಂಡಿನಂಥ ಶಿಬಿರಗಳಲ್ಲಿ ಬೆಳೆದಿದೆ. ಕೇಳಲು ತುಸು ಬಾಲಿಶವೆನಿಸಿದರೂ, ಹೆಣ್ಣುಮಕ್ಕಳು ದಿನಕ್ಕೆ ಎಷ್ಟು ಸಲ ವಿನಾಕಾರಣ ಕ್ಷಮೆ ಕೇಳುತ್ತಾರೆಂಬುದು ಅದರಿಂದ ಬಯಲಾಗುತ್ತದೆ, ದೊಡ್ಡವರೂ ಸೇರಿದಂತೆ.

ಕಿವಿಯ ರಕ್ಷಣೆಯನ್ನು ಹಗುರವಾಗಿ ಪರಿಗಣಿಸಬಾರದು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಶಿಫಾರಸಿನ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದಾದರೆ, ಪ್ರತಿ 3 ಡೆಸಿಬಲ್ ಹೆಚ್ಚಳಕ್ಕೂ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬಲ್ ಆದಾಗ ಉಳಿಯುವುದು 15 ನಿಮಿಷ ಮಾತ್ರ. ಮುಚ್ಚಿದ ಕೋಣೆಯಲ್ಲಿ ಡ್ರಮ್ಸ್ ಈ ಮಟ್ಟವನ್ನು ಸುಲಭವಾಗಿ ಮುಟ್ಟುತ್ತದೆ. ಮಕ್ಕಳಿಗೂ ತನಗೂ ಇಯರ್‌ಪ್ಲಗ್, ಡ್ರಮ್ಸ್ ನುಡಿಸುವವಳಿಗೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಕಡ್ಡಾಯ. ನೊರೆಯ ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಸಣ್ಣದಾಗಿಸಿ, ಕಿವಿಯ ಮೇಲ್ತುದಿಯನ್ನು ಮೇಲಕ್ಕೆಳೆದು ಒಳಗೆ ಸೇರಿಸಿ, ಅದು ಹಿಗ್ಗುವವರೆಗೆ ಹಿಡಿದಿರಬೇಕು. ಕಿವಿಯ ಬಾಯಲ್ಲಷ್ಟೇ ಸಿಕ್ಕಿಸಿ ಹೊರಗೆ ಜೋತುಬಿದ್ದ ಪ್ಲಗ್ಗಿನಿಂದ ಏನೂ ಪ್ರಯೋಜನವಿಲ್ಲ.

ಸೇರಬಯಸುವವರು ಬೇಸಿಗೆಗೆ ಕೆಲವು ತಿಂಗಳು ಮೊದಲೇ ತಮ್ಮ ಊರಿನ ಶಿಬಿರಕ್ಕೆ ಅರ್ಜಿ ಹಾಕುವುದು ಒಳಿತು. ಮಕ್ಕಳೊಂದಿಗಿನ ಕೆಲಸವಾದ್ದರಿಂದ ಹಿನ್ನೆಲೆ ತಪಾಸಣೆ, ಪರಿಚಿತರ ಶಿಫಾರಸು ಮತ್ತು ಶಿಬಿರಕ್ಕೆ ಮುಂಚಿನ ತರಬೇತಿ ಇರುತ್ತವೆ. ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವಳು ಒಂದು ಮಗುವಿನೊಂದಿಗೆ ಒಂಟಿಯಾಗಿ ಇರಬಾರದು, ಅನುಮತಿಯಿಲ್ಲದೆ ಮಕ್ಕಳ ಚಿತ್ರವನ್ನು ಎಲ್ಲೂ ಹಾಕಬಾರದು ಎಂಬಂಥ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಬೇಕಾಗುತ್ತದೆ. ವಾರಪೂರ್ತಿ ರಜೆ ಸಿಗದವರು ಅರ್ಧ ದಿನದ ಪಾಳಿಗಳನ್ನೋ ಶನಿವಾರದ ಪ್ರದರ್ಶನದ ಕೆಲಸವನ್ನೋ ಕೇಳಿ ಪಡೆಯಬಹುದು. ಇನ್ನೂ ಹಿಂಜರಿಕೆ ಇದ್ದವರಿಗೆ ‘ಲೇಡೀಸ್ ರಾಕ್ ಕ್ಯಾಂಪ್’ ಎಂಬ ವಯಸ್ಕ ಮಹಿಳೆಯರ ಮೂರು ದಿನಗಳ ಶಿಬಿರವಿದ್ದು, ಅದರ ಶುಲ್ಕವು ಹಣವಿಲ್ಲದ ಹುಡುಗಿಯರ ವಿದ್ಯಾರ್ಥಿವೇತನಕ್ಕೆ ಹೋಗುತ್ತದೆ. ನಲವತ್ತರ ವಯಸ್ಸಿನಲ್ಲಿ ಮೊದಲ ಸಲ ಡ್ರಮ್ ಕೋಲು ಹಿಡಿದು ತಡವರಿಸಿದವಳಿಗೆ ಹತ್ತು ವರ್ಷದವಳ ತಡವರಿಕೆ ಚೆನ್ನಾಗಿ ಅರ್ಥವಾಗುತ್ತದೆ.

ಈ ಶಿಬಿರಗಳ ಬಗ್ಗೆ ಎರಡು ಆಕ್ಷೇಪಗಳನ್ನು ಮರೆಮಾಚುವುದು ಸರಿಯಲ್ಲ. ವಾರವೊಂದರಲ್ಲಿ ಹುಡುಗಿಗೆ ಜೀವಮಾನಕ್ಕಾಗುವಷ್ಟು ಆತ್ಮವಿಶ್ವಾಸ ಬಂದುಬಿಡುತ್ತದೆಂಬ ಮಾತು ಪ್ರಚಾರಪತ್ರಗಳಿಗೆ ಮಾತ್ರ ಒಪ್ಪುತ್ತದೆ; ಬೇಸಿಗೆ ರಜೆ ಮುಗಿದು ಶಾಲೆಗೆ ಮರಳಿದಾಗ ಅಲ್ಲಿಯ ಸಂಗೀತದ ಕೋಣೆ ಹಳೆಯದೇ ಆಗಿರುತ್ತದೆ. ಎರಡನೆಯದು ಇನ್ನೂ ತೂಕದ್ದು: ಸಂಗೀತೋದ್ಯಮವು ಹೆಂಗಸರ ದುಡಿಮೆಗೆ ಸರಿಯಾದ ಬೆಲೆ ಕೊಡುವುದಿಲ್ಲವೆಂದು ಪ್ರತಿಭಟಿಸುವ ಶಿಬಿರವೇ ಹೆಂಗಸರ ಬಿಟ್ಟಿ ದುಡಿಮೆಯ ಮೇಲೆ ನಿಂತಿದೆ. ರಜೆಯ ಸವಲತ್ತು ಇರುವವಳಿಗೆ ಮಾತ್ರ ಸ್ವಯಂಸೇವೆ ಎಟುಕುತ್ತದೆಂಬ ಅರಿವಿನಿಂದ ಕೆಲವು ಶಿಬಿರಗಳು ವಾದ್ಯಶಿಕ್ಷಕಿಯರಿಗೆ ಗೌರವಧನ ಕೊಡತೊಡಗಿವೆ. ಅದು ಬೇಕಿಲ್ಲದವರು ತಿರಸ್ಕರಿಸುವುದಕ್ಕಿಂತ ಪಡೆದು ವಿದ್ಯಾರ್ಥಿವೇತನ ನಿಧಿಗೆ ಮರಳಿಸುವುದು ಮೇಲು. ಕೆಲಸಕ್ಕೆ ಬೆಲೆಯಿದೆ ಎಂಬುದು ಲೆಕ್ಕಪುಸ್ತಕದಲ್ಲಾದರೂ ದಾಖಲಾಗುತ್ತದೆ.

ಶನಿವಾರ ಸ್ವಯಂಸೇವಕಿಯರಿಗೆ ಸಭಾಂಗಣದಲ್ಲಿ ಕುಳಿತು ಕೇಳುವ ಭಾಗ್ಯ ಹೆಚ್ಚಾಗಿ ಸಿಗುವುದಿಲ್ಲ. ಒಂದು ತಂಡ ಇಳಿದು ಇನ್ನೊಂದು ಏರುವ ಕೆಲವೇ ನಿಮಿಷಗಳಲ್ಲಿ ಪೀಠದ ಎತ್ತರ ಬದಲಿಸಬೇಕು, ಗಿಟಾರಿನ ಶ್ರುತಿ ನೋಡಬೇಕು, ಮೈಕಿನ ಕಂಬವನ್ನು ಹಾಡುವವಳ ಬಾಯಿಯ ಮಟ್ಟಕ್ಕೆ ತರಬೇಕು. ವೇದಿಕೆಯ ಪಕ್ಕದ ಕತ್ತಲಲ್ಲಿ ಹೊಟ್ಟೆನೋವೆಂದು ಅಳುವ ಗಾಯಕಿಗೆ ಒಂದು ಲೋಟ ನೀರು, ಹಾಡಿನ ಮೊದಲ ಸಾಲು ಬರೆದ ಚೀಟಿ ಕೊಡಬೇಕು. ಹಾಡು ನಡುವೆ ನಿಂತುಹೋದರೆ ಓಡಿಹೋಗಿ ಸರಿಪಡಿಸಬಾರದೆಂಬುದು ಅಲ್ಲಿಯೂ ಅನ್ವಯಿಸುವ ನಿಯಮ; ತಂಡದ ಡ್ರಮ್ಸ್‌ನವಳು ಕೋಲುಗಳನ್ನು ತಾಡಿಸಿ ನಾಲ್ಕು ಎಣಿಸಿ ಮತ್ತೆ ಶುರುಮಾಡುವುದನ್ನು ವಾರದಲ್ಲಿ ಅಭ್ಯಾಸ ಮಾಡಿಸಿದ್ದರೆ, ಅವರೇ ಶುರುಮಾಡುತ್ತಾರೆ. ಎಲ್ಲ ಮುಗಿದು ಪೋಷಕರು ಹೊರಟ ಮೇಲೆ ಕೇಬಲ್ಲುಗಳನ್ನು ಮೊಣಕೈಗೆ ಸುತ್ತದೆ, ಒಳತಂತಿ ಮುರಿಯದಂತೆ ಒಂದು ಸುತ್ತು ಮೇಲಿನಿಂದ, ಮುಂದಿನದು ಕೆಳಗಿನಿಂದ ಹಾಕಿ ಸುರುಳಿ ಮಾಡಬೇಕು. ಸದ್ದು ಬಿಟ್ಟುಬಿಟ್ಟು ಬಂದ ಕೇಬಲ್ಲಿನ ತುದಿಗೆ ಬಣ್ಣದ ಪಟ್ಟಿ ಅಂಟಿಸಿ ಬೇರೆ ಪೆಟ್ಟಿಗೆಗೆ ಹಾಕಬೇಕು. ಎರವಲು ತಂದ ವಾದ್ಯಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಒಡೆಯರಿಗೆ ಮರಳಿಸಬೇಕು.